ಮೂರು ತೆರೆ, ಒಂದು ಚಿತ್ರ

ನಮ್ಮ ಶಾಲೆಗಳ ವಾರ್ಷಿಕೋತ್ಸವಕ್ಕೆ ಈಗ ಒಂದು ತೆರೆ ಸಾಲದಾಗಿದೆ. ವೇದಿಕೆಯ ನಡುವೆ ಒಂದು, ಎಡಬಲಗಳಲ್ಲಿ ಒಂದೊಂದು, ಹೀಗೆ ಮೂರು ತೆರೆಗಳನ್ನು ಕಟ್ಟಿ ಮೂರು ಪ್ರೊಜೆಕ್ಟರುಗಳಿಂದ ಚಿತ್ರ ತೋರಿಸುವುದು ರೂಢಿಗೆ ಬರುತ್ತಿದೆ. ಇದನ್ನು ಬರಿಯ ಆಡಂಬರವೆಂದು ತಳ್ಳಿಹಾಕುವ ಹಿರಿಯರ ಮಾತನ್ನು ನಾನು ಒಪ್ಪಲಾರೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಶಾಲೆಗಳ ಸಭಾಂಗಣಗಳಲ್ಲಿ ಕುಳಿತವರಿಗೆ ಅದರ ಅಗತ್ಯ ತಾನಾಗಿ ತಿಳಿಯುತ್ತದೆ. ಅವುಗಳಲ್ಲಿ ಹಲವು ಉದ್ದಕ್ಕೆ ಚಾಚಿಕೊಂಡವು, ನಡುನಡುವೆ ಕಂಬಗಳುಳ್ಳವು; ಭಾಷಣ ಕೇಳಲು ಕಟ್ಟಿದವೇ ಹೊರತು ಚಿತ್ರ ನೋಡಲು ಕಟ್ಟಿದವಲ್ಲ. ಮುಂದಿನ ಸೋಫಾದ ಅತಿಥಿಗೂ ಕಂಬದ ಮರೆಯ ಹುಡುಗನಿಗೂ ಒಂದೇ ಚಿತ್ರ ಕಾಣಬೇಕಾದರೆ ಪಕ್ಕದ ತೆರೆ ಬೇಕೇ ಬೇಕು. ಸೋಫಾಗಳು ಮುಂದೆ, ಮಕ್ಕಳು ಹಿಂದೆ ಎಂಬ ನಮ್ಮ ಪದ್ಧತಿ ಬದಲಾಗುವವರೆಗಂತೂ ಬೇಕು.

ಆದರೆ ತೆರೆ ಮೂರಾದ ಕೂಡಲೆ ಚಿತ್ರವೂ ಮೂರಾಗಿಬಿಡುವ ಅಪಾಯವಿದೆ. ಕಳೆದ ವರ್ಷ ಚಾಮರಾಜಪೇಟೆಯ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ನನ್ನ ತಂಗಿ ಅಲ್ಲಿ ಏಳನೆಯ ತರಗತಿಯಲ್ಲಿದ್ದಳು. ಗುತ್ತಿಗೆ ಹಿಡಿದವರು ಒಂದೇ ಚಿತ್ರವನ್ನು ಮೂರು ಲ್ಯಾಪ್‌ಟಾಪುಗಳಿಗೆ ತುಂಬಿ, ಮೂವರು ಹುಡುಗರನ್ನು ಕೂಡಿಸಿ, “ಒಂದು, ಎರಡು, ಮೂರು” ಎಂದು ಎಣಿಸಿ ಗುಂಡಿ ಒತ್ತಿಸಿದರು. ಸ್ವಲ್ಪ ಹೊತ್ತಿಗೆ ಬಲಗಡೆಯ ಲ್ಯಾಪ್‌ಟಾಪು ಒಮ್ಮೆ ತಡವರಿಸಿ ಮುಂದುವರಿಯಿತು. ಅಲ್ಲಿಂದಾಚೆಗೆ, ಮಾತಿಲ್ಲದ ಒಂದು ಹಾಸ್ಯ ಸನ್ನಿವೇಶಕ್ಕೆ ನಡುವಿನವರು ಮೊದಲು ನಕ್ಕರು, ಎಡಗಡೆಯವರು ಆಮೇಲೆ, ಬಲಗಡೆಯವರು ಎಲ್ಲರೂ ನಕ್ಕು ಮುಗಿಸಿದ ಮೇಲೆ. ಇಷ್ಟೇ ಆಗಿದ್ದರೆ ನಾನೂ ನಕ್ಕು ಮರೆಯುತ್ತಿದ್ದೆ. ಮುಂದಿನ ದೃಶ್ಯದಲ್ಲಿ ತಂಗಿಯ ತರಗತಿಯ ಒಬ್ಬ ಹುಡುಗಿ ವಚನ ಹೇಳುತ್ತಿದ್ದಳು. ಧ್ವನಿ ಬಂದುಹೋದ ಮೇಲೆ ಬಲಗಡೆಯ ತೆರೆಯಲ್ಲಿ ಅವಳ ತುಟಿ ಅಲ್ಲಾಡಿತು. ಆ ಕಡೆಯ ಮಕ್ಕಳು ಅದನ್ನು ಅಣಕಿಸತೊಡಗಿದರು. ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ ಹುಡುಗಿ ಅಲ್ಲಿಯೇ ಕುಳಿತು ತಲೆ ತಗ್ಗಿಸಿದ್ದನ್ನು ನಾನು ನೋಡಿದೆ.

ಇದು ಏಕೆ ಆಗುತ್ತದೆ? ಮೊದಲನೆಯದು ಬೆರಳು. ಸೂಚನೆ ಕೇಳಿ ಗುಂಡಿ ಒತ್ತಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಹಿಡಿಯುತ್ತದೆ, ಅದೂ ಒಬ್ಬೊಬ್ಬರಿಗೆ ಒಂದೊಂದು ತೆರ. ಸೆಕೆಂಡಿಗೆ 25 ಚಿತ್ರ ಓಡುವಲ್ಲಿ 0.2 ಸೆಕೆಂಡೆಂದರೆ 5 ಚಿತ್ರಗಳು ಕಳೆದಂತೆ. ಎರಡನೆಯದು ಗಡಿಯಾರ. ಪ್ರತಿ ಕಂಪ್ಯೂಟರಿನಲ್ಲೂ ಕಾಲವನ್ನು ಅಳೆಯುವ ಒಂದು ಸ್ಫಟಿಕವಿರುತ್ತದೆ. ಎರಡು ಸ್ಫಟಿಕಗಳು ಪೂರ್ತಿ ಒಂದೇ ವೇಗದಲ್ಲಿ ಮಿಡಿಯುವುದಿಲ್ಲ. ಹತ್ತು ಲಕ್ಷಕ್ಕೆ 50 ಪಾಲಿನಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ 0.18 ಸೆಕೆಂಡು ಬೇರೆಯಾಗುತ್ತದೆ. ಮೂರನೆಯದು ಪ್ರೊಜೆಕ್ಟರು. ಬೇರೆ ಬೇರೆ ತಯಾರಿಕೆಯ ಪ್ರೊಜೆಕ್ಟರುಗಳು ಚಿತ್ರವನ್ನು ಸಿದ್ಧಗೊಳಿಸಲು ಬೇರೆ ಬೇರೆ ಹೊತ್ತು ತೆಗೆದುಕೊಳ್ಳುತ್ತವೆ. ಓರೆಯಾಗಿ ಬಿದ್ದ ಚಿತ್ರವನ್ನು ಯಂತ್ರದೊಳಗೆಯೇ ನೆಟ್ಟಗೆ ಮಾಡಹೊರಟರೆ ಕೆಲವದರಲ್ಲಿ ಇನ್ನಷ್ಟು ತಡವಾಗುತ್ತದೆ. ಇನ್ನು ಕಿವಿ. ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂದಾದರೆ, ಇಲ್ಲವೆ 125 ಮಿಲಿಸೆಕೆಂಡು ಹಿಂದಾದರೆ ನೋಡುವವರಿಗೆ ಗೊತ್ತಾಗತೊಡಗುತ್ತದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸು ಹೇಳುತ್ತದೆ. ಪ್ರಕೃತಿಯಲ್ಲಿ ಮಿಂಚು ಮೊದಲು, ಗುಡುಗು ಆಮೇಲೆ. ಹಿಂದಾದುದನ್ನು ನಾವು ಸೈರಿಸುತ್ತೇವೆ, ಮುಂದಾದುದನ್ನು ಸೈರಿಸುವುದಿಲ್ಲ. ಪಾಪ, ಆ ಹುಡುಗಿಗೆ ಆದದ್ದು ಈ ಎರಡನೆಯದು.

ನಮ್ಮ ಊರಿನವರಿಗೆ ಇದನ್ನು ಸಂಗೀತದ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿದೀತು. ಇದೇ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ, 1939ರಲ್ಲಿ ಹುಟ್ಟಿದ ಶ್ರೀ ರಾಮಸೇವಾ ಮಂಡಲಿಯ ರಾಮನವಮಿ ಕಚೇರಿಗಳನ್ನು ಕೇಳದವರು ವಿರಳ. ಅಲ್ಲಿ ಪಿಟೀಲು, ಮೃದಂಗ, ಘಟಗಳು ಮೂರು ಗಂಟೆ ಕಾಲ ಕೂಡಿ ನಡೆಯುವುದು ಒಂದೇ ಕ್ಷಣದಲ್ಲಿ ಆರಂಭಿಸಿದ್ದರಿಂದಲ್ಲ. ಪ್ರತಿ ಆವರ್ತದಲ್ಲೂ ಒಬ್ಬರನ್ನೊಬ್ಬರು ಕೇಳಿ ತಿದ್ದಿಕೊಳ್ಳುವುದರಿಂದ. ಮೂರು ಲ್ಯಾಪ್‌ಟಾಪುಗಳು ಒಂದನ್ನೊಂದು ಕೇಳುವುದಿಲ್ಲ. “ಒಂದು, ಎರಡು, ಮೂರು” ಎಂದು ಎಣಿಸುವುದು ಮೃದಂಗದವರಿಗೆ ಮೊದಲ ಏಟನ್ನು ತೋರಿಸಿ, ಕಿವಿಗೆ ಹತ್ತಿ ತುರುಕಿದಂತೆ.

ಈ ತೊಡಕು ಹೊಸದೇನೂ ಅಲ್ಲ. ರೀಲುಗಳ ಕಾಲದಲ್ಲಿ ನಮ್ಮ ಚಿತ್ರಮಂದಿರಗಳ ಕ್ಯಾಬಿನ್ನಿನಲ್ಲಿ ಎರಡು ಪ್ರೊಜೆಕ್ಟರುಗಳಿರುತ್ತಿದ್ದುವು. ಒಂದು ರೀಲು ಮುಗಿಯುತ್ತ ಬಂದಾಗ ತೆರೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿನುಗುತ್ತಿತ್ತು. ಆಪರೇಟರು ಎರಡನೆಯ ಯಂತ್ರವನ್ನು ಓಡಿಸುತ್ತಿದ್ದ. ಸುಮಾರು ಏಳು ಸೆಕೆಂಡಿನ ಮೇಲೆ ಇನ್ನೊಂದು ಚುಕ್ಕೆ, ಬೆಳಕನ್ನು ಬದಲಾಯಿಸುತ್ತಿದ್ದ. 1952ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ತೋರಿಸಿದ ಸಿನೆರಾಮಾದಲ್ಲಂತೂ ಮೂರು ಪ್ರೊಜೆಕ್ಟರುಗಳು ಒಂದೇ ವಿಶಾಲ ಚಿತ್ರವನ್ನು ಕೂಡಿಸುತ್ತಿದ್ದುವು. ಮೂರರ ಮೋಟಾರುಗಳನ್ನೂ, ಧ್ವನಿಯ ಬೇರೆ ಫಿಲ್ಮನ್ನೂ ವಿದ್ಯುತ್ತಿನಿಂದ ಒಂದಕ್ಕೊಂದು ಬಿಗಿದಿದ್ದರು. ಒಂದು ಫಿಲ್ಮು ಹರಿದು ನಾಲ್ಕು ಚಿತ್ರ ಹಾಳಾದರೆ, ನಾಲ್ಕೇ ಕಪ್ಪು ಚಿತ್ರಗಳನ್ನು ಎಣಿಸಿ ಅಂಟಿಸಬೇಕಾಗಿತ್ತು. ದೂರವೇಕೆ, ಹೈಗ್ರೌಂಡ್ಸಿನಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ತಾರಾಲಯಕ್ಕೆ ನಮ್ಮ ಮಕ್ಕಳು ಸಾಲುಗಟ್ಟಿ ಹೋಗಿಬರುತ್ತಾರೆ. ಅಲ್ಲಿ ಈಗ ಒಂದಕ್ಕಿಂತ ಹೆಚ್ಚು ಡಿಜಿಟಲ್ ಪ್ರೊಜೆಕ್ಟರುಗಳ ಬೆಳಕು ಗುಮ್ಮಟದ ಒಳಮೈಯಲ್ಲಿ ಸೇರಿ ಒಂದೇ ಆಕಾಶವಾಗುತ್ತದೆ.

ಶಾಲೆಗೆ ತಾರಾಲಯದ ಯಂತ್ರಗಳು ಬೇಕಾಗಿಲ್ಲ. ಮೂರು ತೆರೆಗಳಲ್ಲೂ ಒಂದೇ ಚಿತ್ರ ಸಾಕೆಂದಾದರೆ ಲ್ಯಾಪ್‌ಟಾಪು ಒಂದೇ ಇರಲಿ. ಅದರಿಂದ ಹೊರಟ ಎಚ್‌ಡಿಎಂಐ ಸಂಕೇತವನ್ನು ಸ್ಪ್ಲಿಟರ್ ಎಂಬ ಪುಟ್ಟ ಪೆಟ್ಟಿಗೆ ಮೂರಾಗಿ ಹಂಚುತ್ತದೆ, ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಯಾರೂ ಕೊಡುತ್ತಾರೆ. ಮೂಲ ಒಂದಾದ ಮೇಲೆ ಬೆರಳಿನ ಜಗಳವೂ ಗಡಿಯಾರದ ಜಗಳವೂ ಇಲ್ಲ. ಉದ್ದನೆಯ ಸಭಾಂಗಣದಲ್ಲಿ ಸಾಮಾನ್ಯ ತಂತಿ ಹತ್ತು ಹದಿನೈದು ಮೀಟರು ದಾಟಿದರೆ ಸಂಕೇತ ಸೋಲುತ್ತದೆ. ಅಲ್ಲಿಗೆ ನೆಟ್‌ವರ್ಕ್ ತಂತಿಯ ಮೂಲಕ ಕಳಿಸುವ ಸಾಧನ ಬೇಕು. ಮೂರು ತೆರೆಗಳಲ್ಲಿ ಮೂರು ಬೇರೆ ಚಿತ್ರ ಬೇಕೆಂಬ ಹಟವಿದ್ದರೆ, ಮೂರು ಕಿಂಡಿಯುಳ್ಳ ಒಂದೇ ಕಂಪ್ಯೂಟರಿನಿಂದ 5760 ಚುಕ್ಕೆ ಅಗಲದ ಒಂದೇ ಚಿತ್ರವನ್ನು ಓಡಿಸಿ, ತೆರೆಗೆ 1920ರಂತೆ ಹಂಚಬಹುದು. ಬೇರೆ ಬೇರೆ ಕಂಪ್ಯೂಟರುಗಳೇ ಗತಿಯೆಂದಾಗ ಮಾತ್ರ ಒಂದನ್ನು ಮುಂದಾಳಾಗಿಸಿ, ಉಳಿದವು ನೆಟ್‌ವರ್ಕಿನಲ್ಲಿ ಅದರ ಕಾಲವನ್ನು ಆಗಾಗ ಕೇಳಿ ತಿದ್ದಿಕೊಳ್ಳುವ ತಂತ್ರಾಂಶ ಹಾಕಬೇಕು; ಅದಕ್ಕೆ ವೈಫೈ ನಂಬಬಾರದು, ತಂತಿಯೇ ಲೇಸು. ಧ್ವನಿಯಂತೂ ಯಾವಾಗಲೂ ಒಂದೇ ಮೂಲದಿಂದ ಬರತಕ್ಕದ್ದು.

“ಇಷ್ಟೆಲ್ಲ ಮೇಷ್ಟರಿಗೆ ಏಕೆ ತಲೆನೋವು, ಹಣ ಕೊಟ್ಟರೆ ಗುತ್ತಿಗೆಯವರು ನೋಡಿಕೊಳ್ಳುತ್ತಾರೆ” ಎಂಬ ಮಾತನ್ನು ಬಹಳ ಕೇಳಿದ್ದೇನೆ. ಗುತ್ತಿಗೆಯವರ ಮೇಲೆ ನನಗೆ ದ್ವೇಷವಿಲ್ಲ. ಒಂದೇ ಸಂಜೆ ನಾಲ್ಕು ಕಡೆ ಒಪ್ಪಿಕೊಂಡು ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ಬರುವವರಿಂದ ಒತ್ತಾಯದ ಅಭ್ಯಾಸ ಮಾಡಿಸುವುದು ಯಾರಿಂದಲೂ ಆಗದು. ಆದರೆ ಒಂಬತ್ತನೆಯ ತರಗತಿಯ ನಾಲ್ವರು ಮಕ್ಕಳು, ಒಬ್ಬ ವಿಜ್ಞಾನದ ಉಪಾಧ್ಯಾಯರು, ಎರಡು ಶನಿವಾರಗಳು, ಇಷ್ಟು ಸಾಕು. ಸೆಕೆಂಡು ತೋರಿಸುವ ಒಂದು ಗಡಿಯಾರದ ಚಿತ್ರವನ್ನು ಮೂರು ತೆರೆಗಳಲ್ಲೂ ಓಡಿಸಿ, ಮೂರೂ ಕಾಣುವಂತೆ ಮೊಬೈಲಿನಲ್ಲಿ ಒಂದು ಫೋಟೋ ಹಿಡಿದರೆ ವ್ಯತ್ಯಾಸ ಅಂಕಿಯಲ್ಲೇ ಸಿಗುತ್ತದೆ. ಶಬ್ದದ ವೇಗ, ಸ್ಫಟಿಕದ ಮಿಡಿತ, ಬೆಳಕಿನ ಓರೆ ಇವೆಲ್ಲ ಪಠ್ಯಪುಸ್ತಕದಿಂದ ಎದ್ದು ಬಂದು ಆ ಮಕ್ಕಳ ಕೈಗೆ ಸಿಗುತ್ತವೆ. ತಂಗಿಯ ಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೆ ಈ ವಿವರಗಳನ್ನು ಬರೆದುಕೊಟ್ಟು ಬಂದಿದ್ದೇನೆ. ಈ ವರ್ಷದ ಉತ್ಸವಕ್ಕೆ ಇನ್ನೂ ಎರಡು ತಿಂಗಳಿದೆ; ಅಷ್ಟರೊಳಗೆ ಸ್ಪ್ಲಿಟರ್ ಕೊಳ್ಳಲು ಸಮಿತಿಯ ಒಪ್ಪಿಗೆ ಸಿಗಬೇಕಷ್ಟೆ.