ಅಂಗಡಿಗೆ ‘ಪ್ರೈವೇಟ್ ಲಿಮಿಟೆಡ್’ ಬೋರ್ಡ್ ಹಾಕಿದರೆ ಮನೆ ಉಳಿಯುತ್ತಾ?

ರಾಣೆಬೆನ್ನೂರು: 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ರಾಜ್ಯದ ಎಷ್ಟೋ ಅಂಗಡಿಗಳ ಮುಂದೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡ್ ನೇತಾಡಿದ್ದು ನೆನಪಿರಬಹುದು. ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ಆದರೆ ಪೇಟೆಯಲ್ಲಿ ಒಂದು ಸಲಹೆ ಮಾತ್ರ ಪುಕ್ಕಟೆ ಸಿಗುತ್ತಲೇ ಇದೆ: ಈ ತಲೆನೋವೆಲ್ಲ ಯಾಕ್ರೀ, ಒಂದು ಕಂಪನಿ ಮಾಡಿಸಿಬಿಡ್ರಿ.

ಫೇಸ್‌ಬುಕ್, ಯೂಟ್ಯೂಬ್ ತೆರೆದರೂ ಅದೇ. ಸಾವಿರ, ಎರಡು ಸಾವಿರಕ್ಕೆ ಕಂಪನಿ ಮಾಡಿಕೊಡ್ತೀವಿ ಅನ್ನೋ ಜಾಹೀರಾತು. ಕೆಳಗೆ ಕನ್ನಡಕ ಹಾಕಿಕೊಂಡರೂ ಕಾಣದಂಥ ಅಕ್ಷರದಲ್ಲಿ ‘ಸರ್ಕಾರಿ ಶುಲ್ಕ ಪ್ರತ್ಯೇಕ’. ಕೆಲವರು ಅಮೆರಿಕದ ಡೆಲವೇರ್ ರಾಜ್ಯದಲ್ಲೇ ಎಲ್‌ಎಲ್‌ಸಿ ಮಾಡಿಕೊಡುತ್ತೇವೆ ಅಂತಾರೆ. ವ್ಯಾಪಾರ ಆಗಲಿ ಬಿಡಲಿ, ಅಲ್ಲಿನ ಎಲ್‌ಎಲ್‌ಸಿ ವರ್ಷಕ್ಕೆ 300 ಡಾಲರ್ ತೆರಿಗೆ ಕಟ್ಟಬೇಕು. ಹಾವೇರಿ ಜಿಲ್ಲೆಯ ಬೀಜ-ಗೊಬ್ಬರದ ಅಂಗಡಿಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ. ನಮ್ಮ ದೇಶದಲ್ಲಿ ಎಲ್‌ಎಲ್‌ಸಿ ಅನ್ನೋ ಹೆಸರಿನ ಸಂಸ್ಥೆಯೇ ಇಲ್ಲ. ಹತ್ತಿರದ್ದು ಅಂದ್ರೆ 2008ರ ಕಾಯ್ದೆಯ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ. ಉಳಿದಂತೆ ಪ್ರೈವೇಟ್ ಲಿಮಿಟೆಡ್, ಮತ್ತು ಒಬ್ಬರೇ ಮಾಡಬಹುದಾದ ಒಪಿಸಿ.

ಮೊದಲು ಜಿಎಸ್‌ಟಿ ವಿಷಯ ಮುಗಿಸೋಣ. ಸರಕು ಮಾರುವವರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಅಂಗಡಿ ಒಬ್ಬರ ಹೆಸರಲ್ಲಿದ್ದರೂ ಅಷ್ಟೇ, ಕಂಪನಿ ಹೆಸರಲ್ಲಿದ್ದರೂ ಅಷ್ಟೇ. ನೋಟಿಸ್‌ಗೆ ಹೆದರಿ ಕಂಪನಿ ಮಾಡುವುದು ಮಳೆಗೆ ಹೆದರಿ ಹೊಳೆಗೆ ಇಳಿದ ಹಾಗೆ.

ಹಾಗಾದರೆ ‘ಲಿಮಿಟೆಡ್’ ಅಂದ್ರೆ ಏನು?

ಭಾವ-ಮೈದುನ ಇಬ್ಬರು ಸೇರಿ ಬೀಜದ ಅಂಗಡಿ ಹಾಕಿದರು ಎಂದುಕೊಳ್ಳಿ. ಅದು ಸಾದಾ ಪಾಲುದಾರಿಕೆ. ಮೈದುನ ಅಂಗಡಿ ಹೆಸರಲ್ಲಿ 20 ಲಕ್ಷದ ಮಾಲು ಉದ್ರಿ ತಂದು ಮುಳುಗಿದರೆ, 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ಸಾಲ ಕೊಟ್ಟವರು ಪೂರ್ತಿ ಹಣವನ್ನು ಭಾವನ ಮನೆ, ಹೊಲದಿಂದಲೇ ವಸೂಲಿ ಮಾಡಬಹುದು. ‘ನನ್ನ ಪಾಲು ಅರ್ಧ’ ಅನ್ನೋ ಮಾತು ಹೊರಗಿನವರ ಮುಂದೆ ನಡೆಯಲ್ಲ.

ಇದೇ ಅಂಗಡಿ ಕಂಪನಿಯಾಗಿದ್ದರೆ ಸಾಲಗಾರ ಕಂಪನಿ, ಭಾವನೂ ಅಲ್ಲ, ಮೈದುನನೂ ಅಲ್ಲ. ಈ ತತ್ವ ಗಟ್ಟಿಯಾಗಿದ್ದು ಒಬ್ಬ ಚಪ್ಪಲಿ-ಬೂಟಿನ ವ್ಯಾಪಾರಿಯ ಕೇಸಿನಲ್ಲೇ. ಲಂಡನ್ನಿನ ಆರನ್ ಸಾಲೊಮನ್ ತನ್ನ ವ್ಯಾಪಾರವನ್ನು ಮನೆಯವರನ್ನೇ ಸೇರಿಸಿ ಕಂಪನಿ ಮಾಡಿದ. ಅದು ಬಿದ್ದುಹೋಯಿತು. ಸಾಲವನ್ನು ಆತನೇ ತೀರಿಸಬೇಕು ಅಂತ ವಾದ ಬಂತು. 1896ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್, ಕಂಪನಿಯೇ ಬೇರೆ, ಸಾಲೊಮನ್ನನೇ ಬೇರೆ ಎಂದು ತೀರ್ಪು ಕೊಟ್ಟಿತು. ನಮ್ಮ ಕಂಪನಿ ಕಾನೂನೂ ನಿಂತಿರೋದು ಅದರ ಮೇಲೆಯೇ.

ಅಂದರೆ ರಕ್ಷಣೆ ಸುಳ್ಳಲ್ಲ. ಆದರೆ ಆ ಗೋಡೆಗೆ ಬಾಗಿಲುಗಳಿವೆ, ಮತ್ತು ಅವು ಇರೋದು ತಾಲ್ಲೂಕಿನ ವ್ಯಾಪಾರಿ ಸಾಲ ಮಾಡುವ ಜಾಗದಲ್ಲೇ.

ಬ್ಯಾಂಕಿಗೆ ಹೋಗಿ. ಹೊಸ ಸಣ್ಣ ಕಂಪನಿಗೆ ಸಿಸಿ ಸಾಲ ಕೊಡುವಾಗ ಬ್ಯಾಂಕಿನವರು ಸಾಮಾನ್ಯವಾಗಿ ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುತ್ತಾರೆ. ಎಷ್ಟೋ ಸಲ ಮನೆ ಪತ್ರವನ್ನೂ ಇಟ್ಟುಕೊಳ್ಳುತ್ತಾರೆ. ಆ ಒಂದು ಸಹಿ ಬಿದ್ದರೆ, ಆ ಸಾಲದ ಮಟ್ಟಿಗೆ ‘ಲಿಮಿಟೆಡ್’ ಅನ್ನೋದು ಬೋರ್ಡಿನ ಮೇಲಿನ ಬಣ್ಣ ಮಾತ್ರ. ಕಂಪನಿ ದಿವಾಳಿಯಾಗಿ ಅದರ ಸಾಲ ಇತ್ಯರ್ಥ ಆದರೂ ಜಾಮೀನುದಾರನ ಹೊಣೆ ತಾನಾಗಿ ಮುಗಿಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಮೇ ತಿಂಗಳಲ್ಲಿ ಹೇಳಿದೆ.

ಚೆಕ್ಕಿಗೂ ಅದೇ ಕಥೆ. ಕಂಪನಿ ಚೆಕ್ ಬೌನ್ಸ್ ಆದರೆ ಕಂಪನಿ ಜೊತೆ, ವ್ಯವಹಾರ ನೋಡಿಕೊಳ್ಳುತ್ತಿದ್ದ ನಿರ್ದೇಶಕನೂ ಆರೋಪಿ. ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಇನ್ನು ಜಿಎಸ್‌ಟಿ ಬಾಕಿ. ಪ್ರೈವೇಟ್ ಕಂಪನಿಯಿಂದ ತೆರಿಗೆ ವಸೂಲಾಗದಿದ್ದರೆ ಆಗಿನ ನಿರ್ದೇಶಕರಿಂದ ವಸೂಲಿ ಮಾಡಲು ಕಾಯ್ದೆಯಲ್ಲೇ ಅವಕಾಶ ಇದೆ. ತನ್ನ ಘೋರ ನಿರ್ಲಕ್ಷ್ಯದಿಂದ ಹೀಗಾಗಿಲ್ಲ ಎಂದು ಸಾಬೀತು ಮಾಡುವ ಭಾರವೂ ಆತನದ್ದೇ.

ಉಳಿಯುವುದು ಸಪ್ಲೈಯರ್ ಉದ್ರಿ, ಬಾಡಿಗೆ ಬಾಕಿ, ಗ್ರಾಹಕರು ಹೂಡುವ ಪರಿಹಾರದ ಕೇಸು. ಇಲ್ಲಿ ಗೋಡೆ ನಿಜವಾಗಿ ನಿಲ್ಲುತ್ತದೆ.

ದಿನಕ್ಕೆ 200 ರೂಪಾಯಿ ಮೀಟರ್

ಕಂಪನಿ ಹುಟ್ಟಿಸೋದು ಈಗ ಸುಲಭ. ಅರ್ಜಿ ಆನ್‌ಲೈನ್. ಪರಿಶೀಲನೆ ಆಗೋದು ಹರಿಯಾಣದ ಮಾನೇಸರದ ಕೇಂದ್ರದಲ್ಲಿ. 15 ಲಕ್ಷದವರೆಗಿನ ಅಧಿಕೃತ ಬಂಡವಾಳಕ್ಕೆ ಕೇಂದ್ರದ ನೋಂದಣಿ ಶುಲ್ಕ ಸೊನ್ನೆ. ನೋಂದಾಯಿತ ಕಚೇರಿ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಮುದ್ರಾಂಕ ಶುಲ್ಕ ಬೀಳುತ್ತದೆ. ವಿಳಾಸ ಕರ್ನಾಟಕದ್ದಾದರೆ ವೃತ್ತಿ ತೆರಿಗೆ ನೋಂದಣಿ ಅರ್ಜಿ ಜೊತೆಗೇ ಆಗುತ್ತದೆ, ಕಂಪನಿ ನಂಬರಿನ ನಡುವೆ ‘ಕೆಎ’ ಅನ್ನೋ ಎರಡು ಅಕ್ಷರ ಕೂರುತ್ತವೆ. ಅಲ್ಲಿಂದ ಮುಂದೆ ಏನೇ ತಕರಾರಿದ್ದರೂ ಬೆಂಗಳೂರಿನ ಕಂಪನಿ ರಿಜಿಸ್ಟ್ರಾರ್. ಹಾವೇರಿಯಲ್ಲಿ ಹೋಗಿ ಕೇಳಲು ಕಚೇರಿ ಇಲ್ಲ.

ಜಾಹೀರಾತು ಹೇಳದೇ ಬಿಡೋದು ಎರಡನೇ ವರ್ಷದ ಕಥೆ. ವ್ಯಾಪಾರ ಹತ್ತು ರೂಪಾಯಿ ಆಗಿರಲಿ, ಸೊನ್ನೆ ಆಗಿರಲಿ, ಪ್ರೈವೇಟ್ ಕಂಪನಿಗೆ ಆಡಿಟ್ ಕಡ್ಡಾಯ. ಪ್ರತಿ ವರ್ಷ ಲೆಕ್ಕಪತ್ರ ಒಂದು ಫಾರ್ಮ್, ವಾರ್ಷಿಕ ವಿವರ ಇನ್ನೊಂದು ಫಾರ್ಮ್. ತಡವಾದರೆ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ. ಎರಡೂ ಸೇರಿ ವರ್ಷ ತಡವಾದರೆ 73,000 ರೂಪಾಯಿ. ಬಾಗಿಲು ಹಾಕಿದ ಅಂಗಡಿಯ ಮೀಟರೂ ಓಡುತ್ತಲೇ ಇರುತ್ತದೆ. ಮುಚ್ಚಿಬಿಡೋಣ ಅಂದರೆ ಮೊದಲು ಹಳೇ ಫಾರ್ಮುಗಳೆಲ್ಲ ಕಟ್ಟಬೇಕು, ಮೇಲೆ ಮುಚ್ಚುವ ಅರ್ಜಿಗೇ 10,000 ರೂಪಾಯಿ ಶುಲ್ಕ.

ಸತತ ಮೂರು ವರ್ಷ ಕಟ್ಟದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರು. ಇದು ಬರೀ ಬೆದರಿಕೆ ಅಲ್ಲ. 2017ರಲ್ಲಿ ಕೇಂದ್ರ ಸರ್ಕಾರ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ಪಟ್ಟಿಯಿಂದ ಕಿತ್ತುಹಾಕಿತು, ಲಕ್ಷಾಂತರ ನಿರ್ದೇಶಕರು ಅನರ್ಹರಾದರು. ‘ನಿನ್ನ ಹೆಸರು ಸುಮ್ಮನೆ ಇರಲಿ’ ಅಂತ ಹೆಂಡತಿ, ತಮ್ಮನ ಸಹಿ ಹಾಕಿಸುವವರು ಇದನ್ನು ಒಮ್ಮೆ ಯೋಚಿಸಬೇಕು.

ಎಲ್‌ಎಲ್‌ಪಿ ಸ್ವಲ್ಪ ಹಗುರ. ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ದಾಟದಿದ್ದರೆ ಎಲ್‌ಎಲ್‌ಪಿ ಕಾಯ್ದೆಯಡಿ ಆಡಿಟ್ ಬೇಡ. ಮೇ 30ಕ್ಕೆ ಒಂದು ಫಾರ್ಮ್, ಅಕ್ಟೋಬರ್ 30ಕ್ಕೆ ಇನ್ನೊಂದು. ಆದರೆ ಆದಾಯ ತೆರಿಗೆಯಲ್ಲಿ ಒಂದು ಪೆಟ್ಟಿದೆ, ಅದನ್ನು ಯಾರೂ ಮೊದಲೇ ಹೇಳಲ್ಲ. 2 ಕೋಟಿವರೆಗಿನ ವಹಿವಾಟಿನ ಸಣ್ಣ ವ್ಯಾಪಾರಿಗಳು ನಗದಿನ ಮೇಲೆ 8%, ಡಿಜಿಟಲ್ ಪಾವತಿ ಮೇಲೆ 6% ಲಾಭ ಎಂದು ತೋರಿಸಿ, ಪುಸ್ತಕದ ರಗಳೆ ಇಲ್ಲದೆ ತೆರಿಗೆ ಮುಗಿಸುವ ವ್ಯವಸ್ಥೆ ಇದೆಯಲ್ಲ, ಪೇಟೆಯಲ್ಲಿ 44ಎಡಿ ಅಂತಲೇ ಹೆಸರು. ಅದು ಒಬ್ಬರ ಅಂಗಡಿಗೂ ಸಾದಾ ಪಾಲುದಾರಿಕೆಗೂ ಸಿಗುತ್ತದೆ. ಎಲ್‌ಎಲ್‌ಪಿಗೆ ಸಿಗಲ್ಲ, ಕಂಪನಿಗೂ ಸಿಗಲ್ಲ. ಕಮಿಷನ್ ಆದಾಯಕ್ಕೆ ಈ ಸೌಲಭ್ಯ ಮೊದಲೇ ಇಲ್ಲ. ಹಾಗಾಗಿ ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಗಳಿಗೆ ಇದರಿಂದ ಕಳೆದುಕೊಳ್ಳೋದೇನೂ ಇಲ್ಲ. ಕಿರಾಣಿ, ಬಟ್ಟೆ, ಹಾರ್ಡ್‌ವೇರ್‌ನವರಿಗೆ ಇದೆ.

ಇನ್ನೊಂದು ಕಿರಿಕಿರಿ. ಕಂಪನಿ ಅಂದರೆ ಕಾನೂನಿನ ಕಣ್ಣಲ್ಲಿ ಹೊಸ ವ್ಯಕ್ತಿ. ಪ್ಯಾನ್ ಹೊಸದು, ಜಿಎಸ್‌ಟಿ ನಂಬರ್ ಹೊಸದು. ಬೀಜ, ಗೊಬ್ಬರದ ಪರವಾನಗಿ, ಎಪಿಎಂಸಿ ಲೈಸೆನ್ಸ್ ಹಳೇ ಹೆಸರಲ್ಲಿದ್ದರೆ ಅದನ್ನೂ ಹೊಸದಾಗಿ ಮಾಡಿಸಬೇಕು. ಮುಂಗಾರು ಹಂಗಾಮಿಗೆ ಒಂದು ತಿಂಗಳು ಮುಂಚೆ ಈ ಕೆಲಸಕ್ಕೆ ಕೈ ಹಾಕಿದವರು ಬಿತ್ತನೆ ಮುಗಿದ ಮೇಲೆ ಬಾಗಿಲು ತೆಗೆದರೆ ಆಶ್ಚರ್ಯ ಇಲ್ಲ.

ಯಾರಿಗೆ ಕಂಪನಿ ಒಳ್ಳೇದು? ಮನೆಯವರಲ್ಲದ ನಾಲ್ಕೈದು ಮಂದಿ ದುಡ್ಡು ಹಾಕುತ್ತಿದ್ದರೆ, ಸಪ್ಲೈಯರ್ ಉದ್ರಿ ಸ್ವಂತ ಆಸ್ತಿಗಿಂತ ದೊಡ್ಡದಿದ್ದರೆ, ಹೊರಗಿನವರ ಬಂಡವಾಳ ತರುವ ಯೋಚನೆ ಇದ್ದರೆ, ಯಜಮಾನ ತೀರಿಕೊಂಡರೂ ವ್ಯಾಪಾರ ನಿಲ್ಲಬಾರದು ಅಂತಿದ್ದರೆ. ಬೀಜ ಬೆಳೆಸಿ ಹೊರರಾಜ್ಯಕ್ಕೆ ಮಾರುವ, ಮೊಳಕೆ ಬರಲಿಲ್ಲ ಅಂತ ರೈತರು ಪರಿಹಾರ ಕೇಳುವ ಸಂಭವ ಇರುವ ವ್ಯವಹಾರಕ್ಕೆ ಗೋಡೆ ಬೇಕೇ ಬೇಕು.

ಉಳಿದವರಿಗೆ ಮೊದಲ ಕೆಲಸ ಬೇರೆಯೇ ಇದೆ. ಸ್ಟಾಂಪ್ ಪೇಪರಿನ ಮೇಲೆ ಪಾಲುದಾರಿಕೆ ಪತ್ರ ಬರೆದು ಟ್ರೆಜರಿಯಲ್ಲಿಟ್ಟು, ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸದೇ ಬಿಟ್ಟವರು ಇದ್ದಾರೆ. ನೋಂದಣಿ ಇಲ್ಲದ ಪಾಲುದಾರಿಕೆ, 100 ರೂಪಾಯಿ ಮೀರಿದ ವ್ಯವಹಾರದ ಬಾಕಿಗೆ ಕೋರ್ಟಿನಲ್ಲಿ ದಾವೆ ಹೂಡುವಂತಿಲ್ಲ. ಅದರ ಮೇಲೆ ಬೇರೆಯವರು ದಾವೆ ಹೂಡಬಹುದು! ಉದ್ರಿ ಮೇಲೇ ನಡೆಯುವ ಅಂಗಡಿಗೆ ಇದಕ್ಕಿಂತ ದೊಡ್ಡ ತೂತು ಇಲ್ಲ. ಪಾಲು ಬಿಟ್ಟು ಹೊರಬಂದವರೂ ಅಷ್ಟೇ, ಸಾರ್ವಜನಿಕ ಪ್ರಕಟಣೆ ಕೊಡದಿದ್ದರೆ ಅವರು ಪಾಲುದಾರರು ಅಂತ ಗೊತ್ತಿದ್ದ ಸಪ್ಲೈಯರ್ ಮುಂದೆ ನಂತರದ ಸಾಲಕ್ಕೂ ಹೊಣೆ ತಪ್ಪದು.

ಈಗಾಗಲೇ ಹೆಸರು ಕೊಟ್ಟು ಸಹಿ ಹಾಕಿದವರು ಎಂಸಿಎ ಪೋರ್ಟಲ್‌ನಲ್ಲಿ ‘ಮಾಸ್ಟರ್ ಡೇಟಾ’ ಎಂಬಲ್ಲಿ ಕಂಪನಿ ಹೆಸರು ಹಾಕಿ ನೋಡಬಹುದು, ಹಣ ಕೊಡಬೇಕಿಲ್ಲ. ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ದಿನಾಂಕದ್ದು ಅಂತ ಅಲ್ಲೇ ಇರುತ್ತದೆ. ಎರಡು-ಮೂರು ವರ್ಷ ಹಿಂದಿನ ದಿನಾಂಕ ಕಂಡರೆ ಮೀಟರ್ ಓಡುತ್ತಿದೆ ಅಂತಲೇ ಅರ್ಥ. ಉದ್ರಿ ಕೇಳಲು ಬಂದ ಹೊಸ ‘ಪ್ರೈವೇಟ್ ಲಿಮಿಟೆಡ್’ ಗಿರಾಕಿಯ ಹೆಸರನ್ನೂ ಮಾಲು ಇಳಿಸುವ ಮುಂಚೆ ಅಲ್ಲೇ ಹಾಕಿ ನೋಡಬಹುದು.