ಅಜ್ಞಾನ ಯಾರದು?

ಚುನಾವಣೆ ಮುಗಿದಾಗಲೆಲ್ಲ ವಿದ್ಯಾವಂತ ಮಹಾಶಯರು ಆಡುವ ಮಾತೊಂದಿದೆ: "ಜನ ಅಜ್ಞಾನಿಗಳು; ಹೆಬ್ಬೆಟ್ಟಿನವರಿಗೆ ವೋಟು ಕೊಟ್ಟದ್ದೇ ತಪ್ಪು." ಕೆಲವು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ನಾವು ಅಕ್ಷರವನ್ನು ಹಗುರವಾಗಿ ಕಾಣುವವರಲ್ಲ. ಆದರೂ ಈ ಮಾತನ್ನು ಒಪ್ಪಲಾರೆವು.

ಸಾಗರ ತಾಲ್ಲೂಕಿನ ಕಾಗೋಡನ್ನು ನೆನೆಯಿರಿ. 1951ರಲ್ಲಿ ಅಲ್ಲಿ ಗೇಣಿದಾರರು ಎದ್ದು ನಿಂತರು. ಅವರಲ್ಲಿ ಬಹುಮಂದಿಗೆ ಓದು ಬರಹ ಬಾರದು. ಆದರೆ ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ದೊಡ್ಡದೆಂಬುದು ಅವರಿಗೆ ತಿಳಿದಿತ್ತು. ಏಕೆಂದರೆ ಕೊಳಗ ಕಣ್ಣೆದುರಿಗೇ ಇತ್ತು. ಮರುವರ್ಷ ಅದೇ ಸೀಮೆಯ ಜನ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ಗೆಲ್ಲಿಸಿ ವಿಧಾನಸಭೆಗೆ ಕಳಿಸಿದರು. ಅಜ್ಞಾನಿಗಳ ಕೆಲಸವೇ ಇದು?

ಈಗಿನ ಕೊಳಗ ಕಣ್ಣಿಗೆ ಕಾಣದು. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಚುನಾವಣಾ ಬಾಂಡುಗಳನ್ನು ಜಾರಿಗೆ ತಂದಿತು. ಕಂಪನಿಯವರು ಸ್ಟೇಟ್ ಬ್ಯಾಂಕಿನಲ್ಲಿ ಬಾಂಡು ಕೊಂಡು ಪಕ್ಷಕ್ಕೆ ಕೊಡುವುದು. ಕೊಟ್ಟವರಾರೆಂದು ಪ್ರಜೆಗೆ ಹೇಳಬೇಕಾಗಿಲ್ಲ. 2019ರ ಲೋಕಸಭಾ ಚುನಾವಣೆ ಈ ಕತ್ತಲೆಯಲ್ಲೇ ನಡೆಯಿತು. ಬಿ.ಎ. ಮಾಡಿದವನಿಗೂ ಹೆಬ್ಬೆಟ್ಟಿನವನಿಗೂ ಅಲ್ಲಿ ಒಂದೇ ಅಜ್ಞಾನ! ಪಕ್ಷಗಳ ಹಣ ಎಲ್ಲಿಂದ ಬಂತೆಂದು ಮತದಾರ ತಿಳಿಯಬೇಕಾಗಿಲ್ಲವೆಂದು ಸರ್ಕಾರದ ವಕೀಲರು ಸುಪ್ರೀಂ ಕೋರ್ಟಿನಲ್ಲಿ ವಾದಿಸಿಯೂ ಬಿಟ್ಟರು. ಕಾರ್ಮಿಕ ಕಾನೂನನ್ನು ತಿದ್ದಿದಾಗ ಅದು ಯಾರ ಹಣದ ಋಣವೆಂದು ತಿಳಿಯದವನು ಜಾತಿ ನೋಡಿ, ಸೀರೆ ನೋಡಿ ವೋಟು ಹಾಕುತ್ತಾನೆ. ಮತ್ತೇನನ್ನು ನೋಡಿ ಹಾಕಬೇಕು?

2024ರ ಫೆಬ್ರವರಿ 15ರಂದು ಕೋರ್ಟು ಬಾಂಡನ್ನು ರದ್ದುಮಾಡಿ ಪಟ್ಟಿ ಕೇಳಿತು. ಬ್ಯಾಂಕು ಜೂನ್ 30ರವರೆಗೆ ಅವಧಿ ಬೇಡಿತು. ಅಷ್ಟರೊಳಗೆ ಲೋಕಸಭೆಯ ಫಲಿತಾಂಶವೇ ಬಂದಿರುತ್ತಿತ್ತು. ವರ್ತಕ ಮಿತ್ರರೇ, ತೆರಿಗೆ ಅಧಿಕಾರಿ ಅಂಗಡಿಗೆ ಬಂದಾಗ ಖಾತೆ ಪುಸ್ತಕ ಹುಡುಕಲು ನಾಲ್ಕು ತಿಂಗಳು ಬೇಕೆಂದು ನೀವು ಹೇಳಬಲ್ಲಿರಾ? ಕೋರ್ಟು ಗದರಿದ ಮರುದಿನವೇ ಪಟ್ಟಿ ಚುನಾವಣಾ ಆಯೋಗದ ಕೈ ಸೇರಿತು. ಮಾರಾಟವಾಗಿದ್ದ ಬಾಂಡುಗಳು 16,000 ಕೋಟಿ ರೂಪಾಯಿಗೂ ಮೇಲ್ಪಟ್ಟು. ಪಟ್ಟಿಯ ತಲೆಯಲ್ಲಿದ್ದುದು ಒಂದು ಲಾಟರಿ ಕಂಪನಿ.

ಬಾಂಡು ಹೋಯಿತು, ಕತ್ತಲೆ ಪೂರ್ತಿ ಹೋಗಿಲ್ಲ. 20,000 ರೂಪಾಯಿ ಮೀರದ ದೇಣಿಗೆ ಕೊಟ್ಟವರ ಹೆಸರನ್ನು ಪಕ್ಷಗಳು ಆಯೋಗಕ್ಕೆ ತಿಳಿಸಬೇಕಾದ್ದಿಲ್ಲ. ದೊಡ್ಡ ಗಂಟನ್ನು ಚಿಕ್ಕ ಚಿಕ್ಕ ಪೊಟ್ಟಣ ಕಟ್ಟುವುದು ಎಷ್ಟು ಸುಲಭವೆಂದು ಕಿರಾಣಿ ಅಂಗಡಿಯವರಿಗೆ ನಾವು ಹೇಳಿಕೊಡಬೇಕೇ?

ಗಿರಣಿ ಬಾಗಿಲಲ್ಲಿ ನೀವು ನಮ್ಮ ಡಬ್ಬಿಗೆ ಹಾಕಿದ ಹಣದ ಜಮಾ-ಖರ್ಚು ಪಕ್ಷದ ಕಚೇರಿಯ ಗೋಡೆಯ ಮೇಲಿದೆ. ಓದು ಬಾರದವರಿಗೆ ಸಂಜೆ ಹೊತ್ತು ಓದಿ ಹೇಳುತ್ತೇವೆ. ಬೇರೆ ಪಕ್ಷದವರು ವೋಟು ಕೇಳಲು ನಿಮ್ಮ ಕೇರಿಗೆ ಬಂದಾಗ ಅವರದನ್ನೂ ಕೇಳಿ.