ಕವಲಿನ ಬೆಸುಗೆಗೂ ಲೆಕ್ಕವಿರಲಿ

ನಿವೃತ್ತಿಗೆ ಕೆಲವು ವರ್ಷಗಳ ಮೊದಲು, ಉತ್ತರ ಕರ್ನಾಟಕದ ಸಹಕಾರಿ ಸಕ್ಕರೆ ಕಾರ್ಖಾನೆಯೊಂದರ ಟೆಂಡರ್ ಸಮಿತಿಯಲ್ಲಿ ನಾನು ಸರ್ಕಾರದ ಪ್ರತಿನಿಧಿಯಾಗಿದ್ದೆ. ಕಬ್ಬು ನುರಿಸುವ ಹಂಗಾಮಿಗೆ ಮೂರೇ ವಾರ ಉಳಿದಿತ್ತು. ಪ್ರಧಾನ ಉಗಿ ಕೊಳವೆಗೆ ಹೊಸದೊಂದು ಕವಲು ಜೋಡಿಸಬೇಕಿತ್ತು. ಕಾರ್ಖಾನೆಯಲ್ಲಿ ಅಚ್ಚುಕಟ್ಟಾಗಿ ತಯಾರಾದ ‘ಟೀ’ ಜೋಡಣೆಯನ್ನು ಕೂರಿಸುವುದಾಗಿ ಒಬ್ಬ ಗುತ್ತಿಗೆದಾರರು ಹೇಳಿದ್ದರು. ಸ್ಥಳದಲ್ಲೇ ಕೊಳವೆಗೆ ರಂಧ್ರ ಕೊರೆದು ಕವಲನ್ನು ಬೆಸೆಯುವುದಾಗಿ ಇನ್ನೊಬ್ಬರು. ಎರಡನೆಯದು ಅಗ್ಗವಾಗಿತ್ತು, ಅದಕ್ಕೇ ಸಹಿ ಹಾಕಿದೆವು. ನಕ್ಷೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮರುವರ್ಷದ ಹಂಗಾಮಿನಲ್ಲಿ ಆ ಬೆಸುಗೆಯ ಅಂಚು ಬಿರುಕು ಬಿಟ್ಟಿತು. ಹಿರಿಯ ಫಿಟ್ಟರ್ ಒಬ್ಬರು ಸಿಳ್ಳೆಯಂಥ ಸದ್ದು ಕೇಳಿ ಕೂಡಲೇ ಉಗಿ ನಿಲ್ಲಿಸಿದ್ದರಿಂದ ಜೀವಹಾನಿ ತಪ್ಪಿತು. ಕಾರ್ಖಾನೆ ಎರಡು ದಿನ ನಿಂತಿತು. ಸಾಲುಗಟ್ಟಿದ ಟ್ರ್ಯಾಕ್ಟರುಗಳಲ್ಲಿ ಕಬ್ಬು ಒಣಗಿ ತೂಕ ಕಳೆದುಕೊಂಡಿತು. ಉಳಿತಾಯ ನಮ್ಮ ಕಡತದಲ್ಲಿ ದಾಖಲಾಗಿತ್ತು. ನಷ್ಟ ಮಾತ್ರ ರೈತರ ಪಾಲಾಯಿತು.

ಅನಂತರ ನಾನು ತಿಳಿದುಕೊಂಡ ವಿಷಯ ಸರಳವಾದುದು. ಕೊಳವೆಯೊಳಗಿನ ಒತ್ತಡವನ್ನು ಅದರ ಗೋಡೆಯ ಲೋಹ ತಾಳುತ್ತದೆ. ರಂಧ್ರ ಕೊರೆದರೆ ಅಷ್ಟು ಲೋಹ ಇಲ್ಲವಾಗಿ, ಅದರ ಹೊರೆ ರಂಧ್ರದ ಅಂಚಿನ ಮೇಲೆ ಬೀಳುತ್ತದೆ. ಆದ್ದರಿಂದ, ಒತ್ತಡ ತಾಳಲು ಅಗತ್ಯವಾದ ಲೋಹದಲ್ಲಿ ಎಷ್ಟು ಕಳೆಯಿತೋ ಅಷ್ಟನ್ನು ರಂಧ್ರದ ಆಸುಪಾಸಿನಲ್ಲೇ ತುಂಬಿಕೊಡಬೇಕೆಂದು ಅಮೆರಿಕದ ಬಿ31.1 ಸಂಹಿತೆ ವಿಧಿಸುತ್ತದೆ. ಗೋಡೆಯ ಹೆಚ್ಚುವರಿ ದಪ್ಪ ಅಥವಾ ಸುತ್ತ ಬೆಸೆದ ಬಲವರ್ಧಕ ತಟ್ಟೆ ಈ ಕೊರತೆಯನ್ನು ತುಂಬಬಲ್ಲದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದು ಜಮಾ-ಖರ್ಚಿನ ಲೆಕ್ಕದಂತೆಯೇ ಕಂಡಿತು. ನಾವು ಖರ್ಚನ್ನಷ್ಟೇ ಬರೆದು ಜಮೆಯನ್ನು ಮರೆತಿದ್ದೆವು.

ಸ್ಥಳದಲ್ಲಿ ಬೆಸೆದ ಕವಲೇ ತಪ್ಪೆಂದು ನನ್ನ ವಾದವಲ್ಲ. ಸರಿಯಾಗಿ ಲೆಕ್ಕ ಹಾಕಿ, ನುರಿತವರು ಬೆಸೆದ ಕವಲನ್ನು ಸಂಹಿತೆಯೂ ಒಪ್ಪುತ್ತದೆ. ಆದರೆ ತಡಿಯಾಕಾರದ ಈ ಬೆಸುಗೆಯನ್ನು ಎಕ್ಸ್-ರೇ ಮೂಲಕ ಪರೀಕ್ಷಿಸುವುದು ಕಷ್ಟ. ಕೊಳವೆ ಕಾದು ಹಿಗ್ಗಿದಾಗ, ಕಂಪಿಸಿದಾಗ ಬೀಳುವ ಹೊರೆಯೂ ಇಲ್ಲೇ ಕೇಂದ್ರೀಕರಿಸುತ್ತದೆ. ಆದ್ದರಿಂದ ಬೆಸೆಯುವಾಗಲೇ ತಪಾಸಣೆ ನಡೆಯಬೇಕು.

ಕೊಳವೆಯ ಬದಲಾವಣೆಯಲ್ಲಿ ಅವಸರ ಎಷ್ಟು ದುಬಾರಿ ಎಂಬುದಕ್ಕೆ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಸಾಕ್ಷಿ. ಅಲ್ಲಿದ್ದುದು ಉಗಿಯಲ್ಲ, ಸೈಕ್ಲೊಹೆಕ್ಸೇನ್. ಕವಲಲ್ಲ, ತಾತ್ಕಾಲಿಕ ಬದಲಿ ಕೊಳವೆ. ಅದಕ್ಕಿದ್ದ ನಕ್ಷೆಯೆಂದರೆ ಕಾರ್ಯಾಗಾರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚಿತ್ರ. 1974ರ ಜೂನ್ 1ರಂದು ಸಂಭವಿಸಿದ ಸ್ಫೋಟದಲ್ಲಿ 28 ಮಂದಿ ಸತ್ತರು.

ನಮ್ಮಲ್ಲಿ ಕಾನೂನಿನ ಕೊರತೆಯಿಲ್ಲ. ಉಗಿ ಕೊಳವೆಯಲ್ಲಿ ರಚನಾತ್ಮಕ ಬದಲಾವಣೆ ಮಾಡುವ ಮುನ್ನ ಮುಖ್ಯ ನಿರೀಕ್ಷಕರಿಗೆ ಲಿಖಿತ ವರದಿ ಸಲ್ಲಿಸಬೇಕೆಂದು 1923ರ ಬಾಯ್ಲರ್ ಕಾಯ್ದೆಯೇ ಹೇಳಿತ್ತು. ಅದರ ಸ್ಥಾನದಲ್ಲೀಗ 2025ರ ಕಾಯ್ದೆ ಬಂದಿದೆ. ಆದರೆ ಕಾಯ್ದೆ ನಿರೀಕ್ಷಕರ ಮೇಜಿನ ಮೇಲಿದ್ದರೆ, ನಿರ್ಧಾರ ಟೆಂಡರ್ ಸಮಿತಿಯ ಮೇಜಿನ ಮೇಲೆ ಆಗುತ್ತದೆ. ಅಲ್ಲಿ ಕನಿಷ್ಠ ದರವೇ ಕೊನೆಯ ಮಾತು.

ಆದ್ದರಿಂದ ನನ್ನ ಸಲಹೆ ಇಷ್ಟೆ. ಟೆಂಡರಿನಲ್ಲಿ ಪ್ರತಿಯೊಂದು ಕವಲೂ ಪ್ರತ್ಯೇಕ ಬಾಬತ್ತಾಗಿರಲಿ. ನಕ್ಷೆ, ಬಲವರ್ಧನೆಯ ಲೆಕ್ಕ, ಬೆಸುಗೆಗಾರರ ಅರ್ಹತಾಪತ್ರ ಮತ್ತು ತಪಾಸಣೆಯ ವೆಚ್ಚ ಅದರಲ್ಲಿ ಸೇರಲಿ. ಒಂದೇ ನಕ್ಷೆಗೆ ಬಂದ ದರಗಳನ್ನು ಮಾತ್ರ ಪರಸ್ಪರ ಹೋಲಿಸಲಿ. ಹಂಗಾಮು ಮುಗಿದ ಬಳಿಕ ನಡೆಯುವ ದುರಸ್ತಿಗೂ ಇದೇ ನಿಯಮವಿರಲಿ.

ಇದರಿಂದ ವೆಚ್ಚ ತುಸು ಹೆಚ್ಚೀತು. ಆದರೆ ಅಂದು ನಾವು ಉಳಿಸಿದ ಹಣವೂ ನಿಜವಾಗಿ ಉಳಿದಿರಲಿಲ್ಲ. ಆ ಫಿಟ್ಟರನ ಜೀವವನ್ನು ಪಣಕ್ಕಿಟ್ಟು ತಂದ ಸಾಲವಾಗಿತ್ತು. ಸಹಿ ಹಾಕಿದವನು ನಾನು. ಕೊಳವೆಯ ಪಕ್ಕದಲ್ಲಿ ನಿಂತಿದ್ದವರು ಅವರು.